ಬಾಗಿಲ ಚೌಕಟ್ಟಿನ ಗೆರೆ

ಬ್ರ್ಯಾಂಡನ್, ಮೇ 9

ಅಕ್ಕಾ,
ಹೊಳೆ ಉಕ್ಕಿತು ಅಂತ ಊರು ಬಿಡಿಸಿ, ಮರಳು ಮೂಟೆ ಹೊರೋಕಾಗದ ನಮ್ಮನ್ನೆಲ್ಲ ಇಲ್ಲಿನ ಶಾಲೆಯಲ್ಲಿ ಇಳಿಸಿದ್ದಾರೆ; ಹೊರೋರು ಅಲ್ಲೇ ಉಳಿದಿದ್ದಾರೆ. ನನ್ನ ಮುರಿದ ಕಾಲಿನ ಪಟ್ಟಿ ಇನ್ನೂ ಬಿಚ್ಚಿಲ್ಲ.

ಇವತ್ತಿನ ಪೇಪರಿನಲ್ಲಿ ನಮ್ಮನೆ ಫೋಟೋ ಬಂದಿದೆ! ಮೆಟ್ಟಿಲಿಗೆ ದೋಣಿ ಕಟ್ಟಿ ನನ್ನ ಯಜಮಾನ ಹಲ್ಲು ಕಿರಿದು ನಿಂತಿದ್ದಾನೆ. ಪಕ್ಕದಲ್ಲಿ ಆ ಎದುರುಮನೆ ವಿಧವೆ ಫಿಲೊಮೆನ್, ನನ್ನ ಬೂಟು ಮೆಟ್ಟಿಕೊಂಡು, ಬಾಗಿಲ ಚೌಕಟ್ಟಿನ ಮೇಲೆ ಈ ವರ್ಷದ ನೀರಿನ ಗೆರೆ ಎಳೀತಿದ್ದಾಳೆ. ಹಿಮ ಕರಗಿ ಹೊಳೆ ಉಕ್ಕಿದಾಗೆಲ್ಲ ಆ ಗೆರೆ ಎಳೆಯೋದು ಮನೆಯೊಡತಿ ತಾನೇ? ಅತ್ತೆ ಎಳೆದರು, ಆಮೇಲೆ ನಾನು. ಫೋನಿನಲ್ಲಿ ಕೇಳಿದ್ರೆ, "ಬರೀ ಪೆನ್ಸಿಲ್ ಗೆರೆ ಕಣೇ, ಅದಕ್ಕೂ ಹೊಟ್ಟೆಕಿಚ್ಚಾ?" ಅಂತಾನೆ.

ಇಲ್ಲಿ ಹೆಂಗಸರೆಲ್ಲ ಮಳೆ ನಿಲ್ಲಲಿ ಅಂತ ಜಪಮಾಲೆ ಹಿಡಿದು ಕೂತಿದ್ದಾರೆ. ನಾನೂ ಕೂತಿದ್ದೀನಿ, ಹೊಳೆ ಇನ್ನೂ ನಾಲ್ಕು ಬೆರಳು ಏರಲಿ, ಅವಳ ಗೆರೆ ಮುಳುಗಲಿ ಅಂತ.

ನಿನ್ನ ತಂಗಿ
ಬ್ಲಾಂಶ್