ಲಿಫ್ಟ್ ಕೇಸಿನ ಪಾಠ

ಹಾಸ್ಟೆಲ್, ಮೂರನೇ ಮಹಡಿ
ಮಾರ್ಚ್ ೧೧, ಬೆಳಿಗ್ಗೆ

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಜೈಲಿನ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಅಲ್ಲೂ ನಿನ್ನ ಹಟವೇ ಹಟವೋ? ಅಮ್ಮನ ಕೆಮ್ಮು ಕಡಿಮೆಯಾಗಿದೆ.

"ನಿನ್ನ ಕಾಲೇಜು ಎಂಥದು, ಏನು ಕಲಿಸುತ್ತಾರೆ" ಎಂದು ನೀನು ಕೇಳಿದ್ದೆಯಲ್ಲ. ವಿಶ್ವವಿದ್ಯಾಲಯದ ಹಿಂಬದಿಯಲ್ಲಿ ಬೂದು ಬಣ್ಣದ ನಾಲ್ಕಂತಸ್ತಿನ ಕಟ್ಟಡ. ಶಾಲೆ ಮುಗಿಸಿ ನೇರ ಬಂದವರಿಗೆ ಐದು ವರ್ಷದ ಕೋರ್ಸು, ನನ್ನ ಹಾಗೆ ಪದವಿ ಮುಗಿಸಿದವರಿಗೆ ಮೂರು ವರ್ಷದ್ದು. ಅದಾದ ಮೇಲೆ ಸ್ನಾತಕೋತ್ತರ, ಸಂಶೋಧನೆ. ಸಂಜೆ ಕಾರ್ಮಿಕ ಕಾನೂನಿನ ಡಿಪ್ಲೊಮಾ. ಅದಕ್ಕೆ ಬರುವವರೆಲ್ಲ ಕೆಲಸ ಮುಗಿಸಿ ಬಂದು ಆಕಳಿಸುವ ನಿನ್ನಂಥವರು. ಅಣಕು ನ್ಯಾಯಾಲಯವೂ ಇದೆ, ಕಟಕಟೆ ಸಮೇತ. ನಾನಿನ್ನೂ ಅದರೊಳಗೆ ಕಾಲಿಟ್ಟಿಲ್ಲ. ನೆಲಮಹಡಿಯಲ್ಲಿ ಉಚಿತ ಕಾನೂನು ನೆರವು ಕೇಂದ್ರ; ಅಲ್ಲಿ ಬಂದವರಿಗೆ ನಾವೇ ಅರ್ಜಿ ಬರೆದುಕೊಡುತ್ತೇವೆ.

ಕಳೆದ ಮಂಗಳವಾರ ಅಪರಾಧ ಕಾನೂನಿನ ತರಗತಿಯಲ್ಲಿ ನಿರ್ಲಕ್ಷ್ಯದಿಂದಾಗುವ ಸಾವಿನ ಪಾಠ. ಮೇಷ್ಟ್ರು ಒಂದು ತೀರ್ಪಿನ ಪ್ರತಿ ಹಂಚಿದರು. ಮೊದಲ ಸಾಲಿನಲ್ಲೇ ನಿನ್ನ ಹೆಸರು. ನಾನು ಯಾರೆಂದು ಅವರಿಗೆ ಗೊತ್ತಿಲ್ಲ. "ಲಿಫ್ಟಿನ ಕೇಬಲ್ ಸವೆದಿದೆ ಅಂತ ಕಟ್ಟಡದ ಮಾಲೀಕರಿಗೆ ಪತ್ರ ಬರೆದಿದ್ದೆ ಅಂತಾನೆ ಈ ಮೆಕ್ಯಾನಿಕ್ಕು. ಸರಿ, ಪತ್ರ ಎಲ್ಲಿ?" ಎಂದರು. ಹಿಂದಿನ ಬೆಂಚಿನವನೊಬ್ಬ, "ಲಿಫ್ಟಲ್ಲೇ ಕಳಿಸಿದ್ನೇನೋ ಸಾರ್, ಮೇಲಕ್ಕೆ ಬರಲೇ ಇಲ್ಲ" ಎಂದ. ಇಡೀ ತರಗತಿ ನಕ್ಕಿತು. ಸತ್ತ ಇಬ್ಬರ ಹೆಸರು ಎರಡನೇ ಪುಟದಲ್ಲಿತ್ತು. ಅಲ್ಲಿಯವರೆಗೆ ಯಾರೂ ಹೋಗಲಿಲ್ಲ. ನಾನೂ ತುಟಿಪಿಟಕ್ಕೆನ್ನಲಿಲ್ಲ. ವಕೀಲೆಯಾಗುವವಳು ನೋಡು ನಿನ್ನ ತಂಗಿ!

ಅಂದೇ ಮಧ್ಯಾಹ್ನ ನೆರವು ಕೇಂದ್ರದ ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿಕೊಂಡೆ. ಮೇಲ್ಮನವಿ ನಡೆಸಿಕೊಡಲು ಒಪ್ಪಿದ್ದಾರೆ. ವಕಾಲತ್ತಿನ ಕಾಗದ ಇದರ ಜೊತೆಗಿದೆ. ಈ ಪತ್ರವನ್ನು ಕೊನೆಯವರೆಗೂ ಓದಿ ಆಮೇಲೆ ಸಹಿ ಹಾಕು.

ಹೊಟ್ಟೆ ಕಟ್ಟಬೇಡ, ಕೊಟ್ಟಿದ್ದು ತಿನ್ನು.

ನಿನ್ನ
ಪುಟ್ಟಿ

ತಾ.ಕ.: ನಿನ್ನ ಅಕ್ಷರ ಕೋಳಿಕಾಲು ಅಂತ ಮಾಲೀಕರಿಗಿದ್ದ ಆ ಪತ್ರವನ್ನು ನನ್ನ ಕೈಲಿ ಬರೆಸಿ, ಅಂಚೆಗೆ ಹಾಕು ಅಂತ ಕೊಟ್ಟೆಯಲ್ಲ. ಅಣ್ಣಾ, ನಾನು ಹಾಕಲಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಪುಸ್ತಕದೊಳಗಿಟ್ಟು ಮರೆತೆ. ಮೂರು ವಾರಕ್ಕೆ ಲಿಫ್ಟು ಬಿತ್ತು. "ಅವಳನ್ನ ಕೋರ್ಟಿಗೆ ಎಳೀಬೇಡಿ" ಎಂದು ನೀನು ವಕೀಲರಿಗೆ ಹೇಳಿದಾಗ ನಾನು ಪಕ್ಕದಲ್ಲೇ ಇದ್ದೆ. ಬದುಕಿದೆ ಅಂದುಕೊಂಡೆ. ಈಗ ಆ ಲಕೋಟೆಯನ್ನು ಮೇಡಂಗೆ ಕೊಟ್ಟಿದ್ದೇನೆ. "ನಿಮ್ಮಣ್ಣ ಸುಳ್ಳು ಹೇಳಿಲ್ಲ ಅಂತ ಇದರಿಂದ ಗೊತ್ತಾಗುತ್ತೆ. ಪತ್ರ ಬಂದೇ ಇಲ್ಲ ಅಂದ ಮಾಲೀಕರೂ ಸುಳ್ಳು ಹೇಳಿಲ್ಲ ಅಂತ ಗೊತ್ತಾಗುತ್ತೆ" ಎಂದರು. ಬಿಡುಗಡೆಯ ಮಾತು ಕೊಡಲಿಲ್ಲ. ಹೇಳಿಕೆ ನಾನೇ ಕೊಡುತ್ತೇನೆ. ಅಮ್ಮನಿಗೆ ನಿನ್ನೆ ಹೇಳಿದೆ, ಆಮೇಲಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ಶನಿವಾರ ಗೇಟಿಗೆ ಬರುತ್ತೇನೆ. ನೋಡಲ್ಲ ಅಂತ ಹೇಳಿಕಳಿಸಿದರೆ ಹಾಗೇ ವಾಪಸಾಗುತ್ತೇನೆ. ಸಹಿ ಮಾತ್ರ ಹಾಕು.