ಅಕ್ಕನ ಹೆಸರು ಟೈಪ್ ಮಾಡುವ ಮುಂಚೆ

ಮಾನ್ಯ ಕುಲಪತಿಗಳೇ,

ನಮ್ಮಕ್ಕ ದಿವ್ಯ ಎಂ.ಎ. ಇತಿಹಾಸಕ್ಕೆ ತಾನೇ ಕೂತು ಬರೆದ ಪ್ರಬಂಧವನ್ನು ಅವಳ ಗೈಡು ವಾಪಸ್ ಕೊಟ್ಟಿದ್ದಾರೆ. ಅವಳ ತಪ್ಪೇನು ಗೊತ್ತಾ? ಕಾಪಿ ಹೊಡೆದಿಲ್ಲ.

ನಾನು ಒಂಬತ್ತನೇ ಕ್ಲಾಸಲ್ಲಿ ಸ್ಕೂಲ್ ಬಿಟ್ಟವನು. ಬಿಟಿಎಂ ಲೇಔಟಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪಿಂಗು, ಬೈಂಡಿಂಗು ಮಾಡ್ತೀನಿ. ನಿಮ್ಮ ಹುಡುಗರು ಬಂದು, "ಗುರು, ಹೋದ ವರ್ಷದ್ದು ಇದ್ಯಲ್ಲ, ಹೆಸರು ಚೇಂಜ್ ಮಾಡು, ಸಂಜೆ ಬರ್ತೀನಿ" ಅಂತಾರೆ. ಮಾಡಿಕೊಡ್ತೀನಿ. ಹೌದು, ನಾನೂ ಕಳ್ಳನೇ. ಒಬ್ಬ ಹುಡುಗನ ಪ್ರಬಂಧದಲ್ಲಿ "ನನ್ನ ಪತಿಯ ಪ್ರೋತ್ಸಾಹಕ್ಕೆ ಋಣಿ" ಅಂತ ಹಾಗೇ ಉಳಿದುಹೋಗಿತ್ತು. ಮೊದಲು ಬರೆದವರು ಯಾರೋ ಮೇಡಂ. ಅವನು ಫಸ್ಟ್ ಕ್ಲಾಸಲ್ಲಿ ಪಾಸಾದ. ಎಷ್ಟು ಜನ ಓದಿದಿರಿ ಸಾರ್ ಅದನ್ನ?

ನಿಮ್ಮ ಘಟಿಕೋತ್ಸವದ ಭಾಷಣ ಜೆರಾಕ್ಸಿಗೆ ಬಂದಿದ್ದೂ ನಮ್ಮಲ್ಲಿಗೇ. ಪೂರ್ತಿ ಓದಿದೆ. ನಳಂದದ ಬಾಗಿಲಲ್ಲೇ ಪಂಡಿತರು ಪ್ರಶ್ನೆ ಕೇಳಿ, ಉತ್ತರ ಹೇಳಿದವರನ್ನಷ್ಟೇ ಒಳಗೆ ಬಿಡುತ್ತಿದ್ದರಂತೆ. ಬಹಳ ಸಂತೋಷ. ನಿಮ್ಮಲ್ಲಿ ಡಿಗ್ರಿ ಕೊಟ್ಟು ಹೊರಗೆ ಕಳಿಸುವಾಗಲೂ ಯಾರೂ ಏನೂ ಕೇಳಲ್ಲವಲ್ಲ?

ಅಕ್ಕ ಏಳು ತಿಂಗಳು ಅಂಜನಾಪುರದ ಕಡೆ ಅಲೆದಳು. ಕೆರೆ ನೀರನ್ನು ಗದ್ದೆಗಳಿಗೆ ಹಂಚುತ್ತಿದ್ದ ನೀರುಗಂಟಿಗಳ ಬಗ್ಗೆ ಅವಳ ಪ್ರಬಂಧ. ಗದ್ದೆಗಳೆಲ್ಲ ಸೈಟಾಗಿವೆ, ಆ ವಿದ್ಯೆ ಗೊತ್ತಿರುವವರು ಒಬ್ಬಿಬ್ಬರು. ನೀರುಗಂಟಿಯ ಹೆಂಡತಿ ಮುನಿಲಕ್ಷ್ಮಮ್ಮ, ಎಂಬತ್ತು ದಾಟಿದವರು, ಕಡ್ಡಿಯಲ್ಲಿ ನೆಲದ ಮೇಲೆ ಕಾಲುವೆ ಗೀಚಿ ತೋರಿಸಿ, "ಕೊನೇ ಗದ್ದೆಗೆ ಮೊದ್ಲು ಬುಡ್ಬೇಕು ಕಣವ್ವ, ಮೇಲಿನೋನು ಹೆಂಗೂ ಕದೀತಾನೆ" ಅಂದರಂತೆ.

ಗೈಡು ಎರಡನೇ ಪುಟವನ್ನೂ ತಿರುಗಿಸಲಿಲ್ಲ. "ಅಜ್ಜಿ ಕತೆಗೆಲ್ಲ ರೆಫರೆನ್ಸ್ ಎಲ್ಲಮ್ಮಾ? ಹೋದ ವರ್ಷದವ್ರು ಹೆಂಗೆ ಮಾಡಿದ್ರೋ ಹಂಗೇ ಮಾಡ್ಕೊಂಡ್ ಬಾ. ಸೋಮವಾರ ಲಾಸ್ಟ್ ಡೇಟು."

ನಿನ್ನೆ ಅಕ್ಕ ಅಂಗಡಿಗೆ ಬಂದಳು. ಚಿಕ್ಕಂದಿನಲ್ಲಿ ಅವಳ ಹಳೇ ನೋಟ್‌ಬುಕ್ ನೋಡಿ ಲೆಕ್ಕ ಬರೆದುಕೊಂಡಿದ್ದಕ್ಕೆ ನನ್ನ ಕಪಾಳಕ್ಕೆ ಹೊಡೆದವಳು ಅವಳು. "ದಿನಿ, ನಂಗೂ ಒಂದು ಹೆಸರು ಚೇಂಜ್ ಮಾಡ್ಕೊಡೋ" ಅಂದಳು. ನನ್ನ ಮುಖ ನೋಡಲಿಲ್ಲ.

ಹಳೇ ಪ್ರಬಂಧ ಕಂಪ್ಯೂಟರಿನಲ್ಲಿ ತೆರೆದೇ ಇದೆ. ಅದರ ಮೇಲಿದ್ದ ಹೆಸರು ಅಳಿಸಿದ್ದೇನೆ. ಅವಳದು ಹಾಕಲು ಕೈ ಬರುತ್ತಿಲ್ಲ. ಅವಳು ಬರೆದ ತೊಂಬತ್ತಾರು ಪುಟಗಳನ್ನು ನಿಮ್ಮ ಆಫೀಸಿಗೆ ಕೊಟ್ಟು, ಸೀಲ್ ಹಾಕಿಸಿಕೊಂಡು ಬಂದಿದ್ದೇನೆ. ಓದಿ. ಓದಿ ಬೇಕಾದರೆ ಫೇಲ್ ಮಾಡಿ, ಅವಳು ಒಪ್ಪುತ್ತಾಳೆ. ಕರೆಸಿ ಒಂದೇ ಒಂದು ಪ್ರಶ್ನೆ ಕೇಳಿ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆಗೀತೀನಿ. ಅಷ್ಟರಲ್ಲಿ ನಿಮ್ಮ ಕಡೆಯಿಂದ ಯಾರೂ ಅವಳನ್ನು ಕರೆಯದಿದ್ದರೆ, ನಮ್ಮಕ್ಕನ ಹೆಸರನ್ನು ಆ ಕಳ್ಳಮಾಲಿನ ಮೇಲೆ ನಾನೇ ಹಾಕಬೇಕು.

ಇಂತಿ,
ನಿಮ್ಮ ಎಷ್ಟೋ ಎಂ.ಎ.ಗಳನ್ನು ಬೈಂಡ್ ಮಾಡಿಕೊಟ್ಟ,
ಒಂಬತ್ತನೇ ಕ್ಲಾಸು ಮುಗಿಸದ
ದಿನೇಶ್