ಅಮರಿಯ ಪಾಲು

ಮಸ್ಕಿ
೧೮ ಮೇ ೨೦೨೫

ಚಿರಂಜೀವಿ ಸಂಗನಬಸವನಿಗೆ,

ನಿನ್ನ ಮೌನೇಶ್ವರಿ ಚಿಗವ್ವನ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ. ನಿನ್ನ ಕ್ಷೇಮ ಕೇಳುವುದಿಲ್ಲ, ಕೇಳಿದರೆ "ಆರಾಮ ಅದೀನಿ" ಎಂದು ಸುಳ್ಳು ಹೇಳುತ್ತೀ. ಈ ಕಾಗದ ಹೋದ ವಾರವೇ ಬರೆಯಬೇಕಿತ್ತು. ಸಿಟ್ಟಿನಲ್ಲಿ ಏನಾದರೂ ಬರೆದುಬಿಟ್ಟೇನು ಎಂದು ತಡೆದುಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಕೂತಿದ್ದೇನೆ. ಫೋನ್ ಮಾಡಿದರೆ "ಹೂಂ ಚಿಗವ್ವಾ, ಹೂಂ" ಎಂದು ಇಟ್ಟುಬಿಡುತ್ತೀ. ಕಾಗದವಾದರೆ ಕೊನೆಯವರೆಗೂ ಓದದೆ ನಿನಗೆ ಗತಿಯಿಲ್ಲ.

ಮಸ್ಕಿಯ ಬಿಸಿಲು ಈ ಸಲ ಹೇಳತೀರದು. ಖಾನಾವಳಿಗೆ ಮಾತ್ರ ಜನ ಕಡಿಮೆಯಿಲ್ಲ. ನನ್ನ ಜೊತೆ ರೊಟ್ಟಿ ಬಡಿಯುವ ಸುಭಾನಬಿ ದಿನಾ ಕೇಳುತ್ತಾಳೆ, "ಲಿಂಗಸುಗೂರು ಬಸ್ಸಿನ ಹುಡುಗ ಯಾಕ ಬರವಲ್ಲ?" ಎಂದು. ಸಿಂಧನೂರಿನಿಂದ ಆಫೀಸಿಗೆ ಹೋಗುವಾಗ ನೀನು ನಡುವೆ ಇಳಿದು ಮಜ್ಜಿಗೆ ಕುಡಿದು ಹೋಗುವುದು ಅವಳಿಗೂ ರೂಢಿಯಾಗಿಹೋಗಿತ್ತು.

ಹೋದ ವಾರ ನಿಮ್ಮವ್ವ ಬಂದಿದ್ದಳು. ಊಟದ ಹೊತ್ತು, ಗಿರಾಕಿಗಳ ಗದ್ದಲ. ಕಲ್ಯಾಣಕ್ಕ ಯಾರನ್ನೂ ನೋಡದೆ ಸೀದಾ ಒಲೆಯ ಹತ್ತಿರ ಬಂದು ಕುಳಿತಳು. "ಮೌನಿ, ಇನ್ನ ಬಲೂನು ಹಾಕಿ ಹಿಗ್ಗಿಸಾದು ಆಗೂದಿಲ್ಲ ಅಂದ್ರು ಡಾಕ್ಟ್ರು. ಹಿಗ್ಗಿಸಿದಷ್ಟೂ ತಿರಗಿ ಮುಚ್ಚಾಕತ್ತೈತಿ. ಅನ್ನನಾಳಾನ ತೆಗೀಬೇಕಂತ. ಇವ ನೋಡಿದ್ರ ಒಲ್ಲೆ ಅಂತ ಕುಂತಾನ. ನೀನರ ಹೇಳವಾ," ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಾನು ಒಲೆ ಸುಭಾನಬಿಗೆ ಬಿಟ್ಟು, ಡಾಕ್ಟರು ಹೇಳಿದ್ದನ್ನೆಲ್ಲ ಬಿಡಿಸಿ ಬಿಡಿಸಿ ಕೇಳಿದೆ. ಚಿಕ್ಕವನಿದ್ದಾಗ ನಿನ್ನ ಎದೆಗೆ ಕೊಟ್ಟ ಕರೆಂಟು, ಡಾಕ್ಟರು ರೇಡಿಯೇಷನ್ ಅನ್ನುವುದು, ಕ್ಯಾನ್ಸರಿನ ಗಂಟುಗಳನ್ನು ಸುಟ್ಟಿತು, ಜೀವ ಉಳಿಸಿತು. ಅಂದು ಅದರ ಹೊರತು ಬೇರೆ ದಾರಿಯೇ ಇರಲಿಲ್ಲವಂತೆ. ಅದೇ ಕರೆಂಟು ಪಕ್ಕದಲ್ಲಿದ್ದ ಅನ್ನನಾಳವನ್ನೂ ತಾಕಿ, ಅದು ವರ್ಷದಿಂದ ವರ್ಷಕ್ಕೆ ಗಟ್ಟಿಯಾಗಿ ಕುಗ್ಗುತ್ತ ಬಂದಿದೆ. ಈಗ ಅದನ್ನು ತೆಗೆದು, ಹೊಟ್ಟೆಯ ಚೀಲವನ್ನೇ ಕೊಳವೆಯಂತೆ ಹೊಲಿದು, ಎದೆಯೊಳಗಿಂದ ಮೇಲೆ ತಂದು ಕುತ್ತಿಗೆಯಲ್ಲಿ ಕೂಡಿಸುತ್ತಾರೆ. ಗಾಯ ಮಾಯುವವರೆಗೆ ಕರುಳಿಗೆ ನಳಿಕೆ ಹಾಕಿ ಆಹಾರ ಕೊಡುತ್ತಾರೆ. ಕರೆಂಟು ತಾಕಿದ ಮೈ ಬೇಗ ಕೂಡುವುದಿಲ್ಲ, ಹೊಲಿಗೆ ಸೋರಬಹುದು, ದನಿ ಕುಗ್ಗಬಹುದು, ಜೀವಕ್ಕೂ ಅಪಾಯ ಉಂಟು ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಮಾಡಿಸದಿದ್ದರೆ ಈಗ ಇಳಿಯುವ ಮಜ್ಜಿಗೆಯೂ ಮುಂದೆ ಇಳಿಯುವುದಿಲ್ಲ ಎಂದೂ ಹೇಳಿದ್ದಾರೆ.

ಅದಕ್ಕೆ ನೀನು ಕೊಟ್ಟ ಉತ್ತರವನ್ನೂ ಕಲ್ಯಾಣಕ್ಕ ಹೇಳಿದಳು. "ಅಮರಿಗೆ ಸಿಗದ ವರುಷ ನನಗ ಸಿಕ್ಕಾವ. ಇಷ್ಟ ಸಾಕು ಬಿಡಬೇ ಯವ್ವಾ," ಅಂದೆಯಂತೆ.

ಲೇ ಸಂಗಣ್ಣಾ, ನನ್ನ ಮಗಳು ಅಮರಿಯನ್ನು ಅಳತೆಗೋಲು ಮಾಡಿಕೊಳ್ಳಲು ನಿನಗೆ ಯಾರು ಹೇಳಿದರು? ಅವಳು ತನ್ನ ವರ್ಷಗಳನ್ನು ನಿನಗೆ ಬಿಟ್ಟುಕೊಟ್ಟು ಹೋಗಲಿಲ್ಲ. ನೀನು ಕಸಿದುಕೊಂಡೂ ಇಲ್ಲ. ಒಂದೇ ವಾರ್ಡು, ಒಂದೇ ಜಡ್ಡು, ಕೈಗೆ ಚುಚ್ಚಿದ ಬಾಟಲಿಯ ಬಣ್ಣವೂ ಒಂದೇ. ಇಬ್ಬರ ತಲೆಯೂ ಬೋಳು. ಯಾರು ಹುಡುಗ, ಯಾರು ಹುಡುಗಿ ಎಂದು ಹೊಸ ನರ್ಸು ಕೇಳಿದರೆ ಇಬ್ಬರೂ "ನಾನು ಹುಡುಗ" ಎಂದು ನಗುತ್ತಿದ್ದಿರಿ. ಕಿಟಕಿ ಪಕ್ಕದ ಹಾಸಿಗೆಗಾಗಿ ಕಿತ್ತಾಡುತ್ತಿದ್ದಿರಿ. ನಿಮ್ಮವ್ವ ನನಗೆ ಅಕ್ಕನಾದದ್ದು, ನಾನು ನಿನಗೆ ಚಿಗವ್ವನಾದದ್ದು ಆ ವಾರ್ಡಿನಲ್ಲೇ. ನಿನಗೆ ಔಷಧ ಹಿಡಿಯಿತು, ಅವಳಿಗೆ ಹಿಡಿಯಲಿಲ್ಲ. ಇಷ್ಟೇ ನಡೆದದ್ದು. ಇದಕ್ಕಿಂತ ದೊಡ್ಡ ಕಾರಣ ನಾನೂ ಹುಡುಕಿ ನೋಡಿದ್ದೇನೆ, ಸಿಕ್ಕಿಲ್ಲ.

ಕೊನೆಯ ದಿನಗಳಲ್ಲಿ ಅವಳು ಶೇಂಗಾ ಹೋಳಿಗೆ ಬೇಕೆಂದು ಹಟ ಹಿಡಿದಿದ್ದಳು. ನಿಮ್ಮ ಕಾಕಾ ಊರಿಗೆ ಹೋಗಿ ಮಾಡಿಸಿಕೊಂಡು ಬರುವಷ್ಟರಲ್ಲಿ ಬಾಯಿ ತುಂಬ ಹುಣ್ಣು. ಒಂದು ಚೂರೂ ತಿನ್ನಲಾಗಲಿಲ್ಲ. ಅದಕ್ಕೇ ಕಾರಹುಣ್ಣಿಮೆಯ ಮರುದಿನ, ಅವಳು ಹೋದ ದಿನ, ಫೋಟೋದ ಮುಂದೆ ಹೋಳಿಗೆಯ ಎಡೆ ಹಿಡಿಯುತ್ತೇವೆ. ಆ ಎಡೆಯನ್ನು ಜೊತೆಗೆ ಆಡಿದ ಮಗು ಉಂಡರೆ ಹೋದ ಮಗುವಿಗೆ ಮುಟ್ಟುತ್ತದೆ ಎಂದು ನಮ್ಮತ್ತೆ ಹೇಳಿದ್ದಳು. ಆಡಿದ ಮಗು ಎಂದರೆ ನೀನು. ಮೀಸೆ ಬಂದ ಮೇಲೂ ಪ್ರತಿ ವರ್ಷ ಬಂದು ಕೂತು ಉಂಡೆ.

ನಮ್ಮಲ್ಲಿ ತಟ್ಟೆ ತೊಳೆದು ಕುಡಿಯುವ ಪದ್ಧತಿಯಿಲ್ಲ. ನಿಮ್ಮದು ಶರಣರ ಮನೆ, ಪ್ರಸಾದದ ಒಂದಗುಳೂ ಬಿಡುವ ಹಾಗಿಲ್ಲ, ತಟ್ಟೆಗೆ ನೀರು ಹಾಕಿ ತೊಳೆದು ಕುಡಿಯಬೇಕು. ನೀನು ಹೋಳಿಗೆಯನ್ನು ಪುಡಿ ಮಾಡಿ, ನೀರು ಹಾಕಿ, ಬೆರಳಿನಿಂದ ಕದಡಿ, ಕಣ್ಣು ಮುಚ್ಚಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದೆ. "ನೋಡ್ರೀ, ಹುಡುಗನ ಭಕ್ತಿ ಎಷ್ಟೈತಿ," ಎಂದು ನಾನು ನಿಮ್ಮ ಕಾಕಾಗೆ ತೋರಿಸುತ್ತಿದ್ದೆ. ನಿಮ್ಮಪ್ಪ ಅಮರಗುಂಡಪ್ಪನವರಂತೂ ಮಠದ ಪಂಕ್ತಿಯಲ್ಲಿ ಎಲ್ಲರೆದುರು, "ನಮ್ಮ ಸಂಗಣ್ಣನ್ನ ನೋಡಿ ಕಲೀರಿ, ತಟ್ಟಿ ಹೆಂಗ ಬೆಳ್ಳಗ ಮಾಡ್ಯಾನ," ಎನ್ನುತ್ತಿದ್ದರು. ಅದು ಭಕ್ತಿಯಲ್ಲ, ನಿನ್ನ ಗಂಟಲೊಳಗೆ ದಾರಿಯೇ ಇರಲಿಲ್ಲ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಉಣ್ಣುವವರ ಮುಖ ನೋಡಿಯೇ ಹೊಟ್ಟೆ ಪಾಡು ನಡೆಸುವವಳು ನಾನು. ನಿನ್ನ ವಿಷಯದಲ್ಲಿ ಮಾತ್ರ ತಟ್ಟೆ ನೋಡಿ ಸಂತೋಷಪಟ್ಟೆ.

ಹೋದ ವರ್ಷ ಪ್ರೀತಿ ಉಕ್ಕಿ ತುಪ್ಪ ಸವರಿದ ಹೋಳಿಗೆಯನ್ನು ನಾನೇ ನಿನ್ನ ಬಾಯಿಗಿಟ್ಟೆ. ನೀನು ಬೇಡ ಅನ್ನಲಿಲ್ಲ. ಸ್ವಲ್ಪ ಹೊತ್ತಿಗೆ ನಿಮ್ಮ ಕಾಕಾ ಹಿತ್ತಲಿನಿಂದ ಕೂಗಿದರು. ನೀನು ಗೋಡೆ ಹಿಡಿದು ಬಗ್ಗಿದ್ದೆ. ಉಗುಳು ಕೂಡ ಒಳಗೆ ಹೋಗದೆ ಸುರಿಯುತ್ತಿತ್ತು. ಮೋಟರ್ ಸೈಕಲ್ಲಿನಲ್ಲಿ ಲಿಂಗಸುಗೂರು, ಅಲ್ಲಿಂದ ಅವರು ಕಳಿಸಿದ ಹಾಗೆ ಹೈದರಾಬಾದು. ಅಲ್ಲಿ ಕ್ಯಾಮೆರಾ ಪೈಪು ಹಾಕಿ ಆ ತುತ್ತು ತೆಗೆದ ಮೇಲೆ ಎಲ್ಲ ಬಯಲಾಯಿತು. ಬೇಡ ಎಂದು ಒಂದು ಮಾತು ಹೇಳಬಾರದಿತ್ತೇನೋ ಎಂದು ಬೈದದ್ದಕ್ಕೆ ನೀನು, "ಅಮರಿ ಪಾಲು ಹೆಂಗ ಬಿಡಲಿ ಚಿಗವ್ವಾ?" ಅಂದೆ.

ಆಪರೇಷನ್ನಿನಲ್ಲಿ ಏನೂ ಆಗುವುದಿಲ್ಲ ಎಂದು ನಾನು ಹೇಳಲಾರೆ. ಅಂಥ ಮಾತನ್ನು ಅಂದು ಎಲ್ಲರೂ ನನಗೆ ಹೇಳಿದ್ದರು. ಆದರೆ ಸಂಗಣ್ಣಾ, ಅವಳ ಪಾಲು ಉಂಡದ್ದು ಸಾಕು. ಇನ್ನು ನಿನ್ನ ಪಾಲು ಉಣ್ಣಲಿಕ್ಕಾದರೂ ಒಪ್ಪಿಕೋ. ನಿನಗೂ ಒಂದು ಪಾಲು ಇದೆ. ಅದನ್ನು ನೀನು ಇನ್ನೂ ಮುಟ್ಟಿಯೇ ಇಲ್ಲ.

ಸಿಟ್ಟು ಈಗ ಸ್ವಲ್ಪ ಇಳಿದಿದೆ. ದೇವರು ನಿನಗೆ ಬುದ್ಧಿ, ಧೈರ್ಯ ಎರಡನ್ನೂ ಕೊಡಲಿ.

ಇಂತಿ ನಿನ್ನ ಚಿಗವ್ವ,
ಮೌನೇಶ್ವರಿ

•

ಮಸ್ಕಿ
೨೯ ಜೂನ್ ೨೦೨೫

ಮಗನೇ ಸಂಗಣ್ಣಾ,

ನಿನ್ನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದ್ದೇನೆ ಎಂದು ತಿಳಿದುಕೋ. ಇಷ್ಟು ದಿನ ಬರೆಯಲಿಲ್ಲ, ಕ್ಷಮಿಸು. ಹೊಲಿಗೆ ಸೋರುತ್ತಿದೆ ಎಂದು ತಿಳಿದ ದಿನದಿಂದ ಬರೆದದ್ದನ್ನೆಲ್ಲ ಹರಿದು ಒಲೆಗೆ ಹಾಕುತ್ತಿದ್ದೆ. ನಿನಗೆ ಇನ್ನೂ ದನಿ ಸರಿಯಾಗಿ ಹೊರಡುತ್ತಿಲ್ಲವಂತೆ. ಒಳ್ಳೆಯದಾಯಿತು, ಈಗಲಾದರೂ ನಾನು ಬೈದದ್ದನ್ನು ಸುಮ್ಮನೆ ಕೇಳುತ್ತೀ.

ಆಸ್ಪತ್ರೆಗೆ ಬರಲಿಲ್ಲ ಎಂದು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಅಮರಿಯನ್ನು ಬಿಟ್ಟು ಬಂದ ಆ ಕಟ್ಟಡದ ಮೆಟ್ಟಿಲು ಮತ್ತೆ ಹತ್ತುವುದು ನನ್ನಿಂದ ಆಗದ ಕೆಲಸ. ಕಲ್ಯಾಣಕ್ಕ ಒಮ್ಮೆಯೂ ಬಾ ಅನ್ನಲಿಲ್ಲ, ಅದೇ ಅವಳ ದೊಡ್ಡತನ. "ನನ್ನ ಪಾಲು ಉಣ್ತೀನಿ ಚಿಗವ್ವಾ" ಎಂದು ಒಪ್ಪಿಗೆಯ ದಿನ ನೀನು ಕಳಿಸಿದ ಮೆಸೇಜನ್ನು ಸುಭಾನಬಿಗೆ ಎಷ್ಟು ಸಲ ಓದಿ ತೋರಿಸಿದೆನೋ. ಒಪ್ಪಿಸಿದ್ದು ನಾನು. ಸೋರಿಕೆಯ ಸುದ್ದಿ ಬಂದ ಮೇಲೆ ಅದೇ ಮೆಸೇಜು ತೆಗೆದು ನೋಡಲು ಭಯವಾಗುತ್ತಿತ್ತು.

ನಿನ್ನೆ ಕಲ್ಯಾಣಕ್ಕ ಫೋನ್ ಮಾಡಿದಾಗ ದನಿಯಲ್ಲೇ ಗೊತ್ತಾಯಿತು. "ಮೌನಿ, ಬಣ್ಣದ ನೀರು ಕುಡಿಸಿ ನೋಡಿದ್ರು. ಕುತ್ತಿಗಿ ಗಾಯದಾಗ ಒಂದ ಹನಿ ಬರಲಿಲ್ಲವಾ. ಮುಚ್ಚಿಕೊಂಡೈತಿ," ಅಂದಳು. ಸಂಜೆ ನಿನಗೆ ಗಂಜಿ ಕೊಟ್ಟರಂತೆ. ನಾಲ್ಕು ಚಮಚ ಕುಡಿದು, "ಸಾಕು" ಎಂದು ಬಟ್ಟಲು ಸರಿಸಿದೆಯಂತೆ. ನಿಮ್ಮಪ್ಪನವರು ಏನೆಂದಾರೋ ಎಂದು ಕಲ್ಯಾಣಕ್ಕ ಅವರ ಮುಖ ನೋಡಿದ್ದಾಳೆ. ಅವರು ಬಟ್ಟಲು ಎತ್ತಿ ಉಳಿದ ಗಂಜಿಯನ್ನು ತಾವು ಕುಡಿದು, ನೀರು ಹಾಕಿ ತೊಳೆದು ಅದನ್ನೂ ಕುಡಿದರಂತೆ.

ಊರಿಗೆ ಬಂದ ಮೇಲೆ ಡಾಕ್ಟರು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಉಣ್ಣು. ಉಂಡ ಕೂಡಲೇ ಮಲಗಬೇಡ, ದಿಂಬು ಎತ್ತರವಿರಲಿ. ನಮ್ಮ ಮನೆಗೆ ಬಂದಾಗ ಬೇಡವಾದದ್ದನ್ನು ತಟ್ಟೆಯಲ್ಲಿ ಬಿಟ್ಟು ಏಳು. ನಿಮ್ಮ ಕಾಕಾನ ಎದುರಿಗೇ ಬಿಡು. ಅದನ್ನು ನೋಡಬೇಕೆಂದು ನನಗೆ ಆಸೆಯಾಗಿದೆ. ಮೌನೇಶ್ವರ ನಿನ್ನನ್ನು ತಣ್ಣಗಿಟ್ಟಿರಲಿ, ನೂರು ವರ್ಷ ಬಾಳು.

ಇಂತಿ ನಿನ್ನ
ಮೌನಿ ಚಿಗವ್ವ

ತಾ.ಕ.: ಇದನ್ನು ನಿಮ್ಮವ್ವನಿಗೆ ಓದಿ ಹೇಳಬೇಡ. ನಿನ್ನ ಆಪರೇಷನ್ನಿನ ದಿನ ಖಾನಾವಳಿಗೆ ಬೀಗ ಹಾಕಿ, ಬೆಳಗಿನಿಂದ ಫೋನು ಮಡಿಲಲ್ಲಿಟ್ಟುಕೊಂಡು ಕೂತಿದ್ದೆ. ಸಂಜೆ ಕಲ್ಯಾಣಕ್ಕ, "ಹೊರಗ ತಂದಾರ, ಉಸಿರಾಡಾಕತ್ತಾನ," ಅಂದಳು. ನಾನು ಜೋರಾಗಿ ನಕ್ಕೆ, ಓಣಿಯವರಿಗೆಲ್ಲ ಸಕ್ಕರೆ ಹಂಚಿದೆ, ಒಲೆ ಹಚ್ಚಿ ಅನ್ನ ಮಾಡಿ ಹೊಟ್ಟೆ ತುಂಬ ಉಂಡೆ. ನಿಮ್ಮ ಕಾಕಾ ಮಾತ್ರ ತುತ್ತು ಮುಟ್ಟದೆ ಕೂತಿದ್ದರು. ಯಾಕೆ ಎಂದು ಕೇಳಿದೆ. "ಮುಂಜಾನಿಂದ ಹೇಳಬೇಕಂದೆ, ನಿನ್ನ ಮುಖಾ ನೋಡಿ ಬಾಯಿ ಬರಲಿಲ್ಲ. ಇವತ್ತ ಅಮರಿ ದಿನ," ಅಂದರು. ಫೋಟೋದ ಮುಂದೆ ದೀಪ ಕೂಡ ಇರಲಿಲ್ಲ. ನಾನು ಹೆತ್ತ ತಾಯಿ, ಮರೆತುಬಿಟ್ಟಿದ್ದೆ. ನನ್ನ ಮಗಳು ಹೋದ ದಿನ ಊರಿಗೆಲ್ಲ ಸಕ್ಕರೆ ಹಂಚಿದ್ದೆ. ಮುಂದಿನ ಕಾರಹುಣ್ಣಿಮೆಗೂ, ಅದರ ಮುಂದಿನದಕ್ಕೂ, ಆ ದಿನ ಎಲ್ಲರೂ ನೀನು ಬದುಕಿ ಬಂದದ್ದನ್ನೇ ನೆನೆಯುತ್ತಾರೆ, ನಾನೂ ನೆನೆಯುತ್ತೇನೆ. ಅವಳಿಗೆ ಇದ್ದದ್ದು ಅದೊಂದೇ ದಿನ. ಇನ್ನು ನನ್ನ ಅಮರಿ ಎಲ್ಲಿಗೆ ಹೋಗಬೇಕು ಸಂಗಣ್ಣಾ?